ಒಂಬತ್ತು ಸೆಕೆಂಡಿನ ಕೆಂಪು

ನಮ್ಮ ಕಾಲೇಜಿನ ಸ್ಟುಡಿಯೋಕ್ಕೆ ಆ ಟೋಪಿ ಬಂದ ದಿನ ಪ್ರಿನ್ಸಿಪಾಲರು ಅದಕ್ಕೆ ಕುಂಕುಮ ಹಚ್ಚಿ ಊದುಬತ್ತಿ ಬೆಳಗಿದರು. ಹೊಗೆ ತಾಗಿದರೆ ಒಳಗಿನ ಸಂವೇದಕಗಳು ಕೆಡುತ್ತವೆ ಎಂದು ನಾನು ಹೇಳಿದ್ದನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅದರ ಸರಕಾರಿ ಹೆಸರು ಸ್ಮೃತಿಮಾಪಕ. ವಿದ್ಯಾರ್ಥಿಗಳು ಮೊದಲ ವಾರವೇ ಅದನ್ನು ಟೋಪಿ ಮಾಡಿದರು. 'ಇವತ್ತ ಹೊಂಬಳ ಸರ್ ಯಾರಿಗೆ ಟೋಪಿ ಹಾಕ್ತಾರೋ' ಎಂದು ನನ್ನ ಬೆನ್ನ ಹಿಂದೆ ನಗುತ್ತಿದ್ದರು. ಆ ಹೊಂಬಳ ಸರ್ ನಾನೇ. ಧಾರವಾಡದ ಈ ಸಂಗೀತ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಧ್ವನಿಮುದ್ರಣ ಕಲಿಸುತ್ತಿದ್ದೇನೆ. ಗಾಜಿನ ಈಚೆ ಕುಳಿತು ಆಚೆ ಹಾಡುವವರನ್ನು ತಿದ್ದುವುದು ನನ್ನ ಕೆಲಸ, ಹಾಗಾಗಿ ಸ್ವಲ್ಪ ಬಾಯಿ ಜೋರು.

ಟೋಪಿ ಯಾಕೆ ಬಂತು ಎಂಬುದನ್ನು ಹೇಳಿಬಿಡುತ್ತೇನೆ. ಹಾಡು ಕಟ್ಟುವ ಯಂತ್ರಗಳು ಬಂದು ಆಗಲೇ ಹದಿನೈದು ವರ್ಷವಾಗಿತ್ತು. ಇರುವ ಹಾಡುಗಳನ್ನೆಲ್ಲ ನುಂಗಿ, ಕಲಸಿ, ದಿನಕ್ಕೆ ಲಕ್ಷಗಟ್ಟಲೆ ಹೊಸ ಹಾಡು ಹೊರಗೆ ಹಾಕುತ್ತಿದ್ದವು. ಕೇಳುವವರಿಗೆ ಸಾಕಾಗಿ ಹೋಯಿತು. ಮನುಷ್ಯರೇ ಕಟ್ಟಿದ ಹಾಡು ಬೇಕು, ಅದಕ್ಕೊಂದು ಪುರಾವೆಯೂ ಬೇಕು ಎಂಬ ಕೂಗು ಎದ್ದಿತು. ಸರಕಾರ ಗೀತ ನೋಂದಣಿ ಕಚೇರಿ ತೆರೆಯಿತು. ಪುರಾವೆಗೆ ಟೋಪಿ ಬಂತು.

ಅದು ಕೆಲಸ ಮಾಡುವ ಬಗೆ ದೊಡ್ಡ ರಹಸ್ಯವೇನಲ್ಲ. ನಾವು ದನಿ ತೆಗೆಯುವ ಮೊದಲೇ ಮಿದುಳು ತನ್ನ ಕಿವಿಗೆ ಒಂದು ಸುದ್ದಿ ಕಳಿಸಿರುತ್ತದೆ: ಈಗ ಬರುವ ದನಿ ನಮ್ಮದೇ, ಗಾಬರಿಯಾಗಬೇಡ ಎಂದು. ಹೀಗಾಗಿ ನಮ್ಮ ಬಾಯಲ್ಲೇ ಮೊದಲು ಹುಟ್ಟಿದ ಸ್ವರಕ್ಕೂ, ಹೊರಗಿನಿಂದ ಕಿವಿಗೆ ಬಿದ್ದ ಸ್ವರಕ್ಕೂ ನೆನಪಿನಲ್ಲಿ ಬೇರೆ ಬೇರೆ ಗುರುತು ಬೀಳುತ್ತದೆ. ನೆನಪು ಉಳಿದಿರುವವರೆಗೆ, ಎಷ್ಟು ವರ್ಷ ಕಳೆದರೂ ಆ ಗುರುತು ಅಳಿಸುವುದಿಲ್ಲ. ಹಾಡುತ್ತಿರುವಾಗ ಟೋಪಿ ಅದನ್ನು ಓದುತ್ತದೆ. ನಮ್ಮಲ್ಲೇ ಹುಟ್ಟಿದ್ದು ಪರದೆಯ ಮೇಲೆ ಹಸಿರು ಗೆರೆ, ಕಿವಿಯಿಂದ ಒಳಗೆ ಬಂದದ್ದು ಕೆಂಪು ಗೆರೆ. ಸ್ವರ ಏರಿಳಿದಂತೆ ಗೆರೆಯೂ ಏರಿಳಿಯುತ್ತದೆ. ಕೆಂಪು ಗಾಢವಾದಷ್ಟೂ ನೆನಪು ಹಳೆಯದು.

ನಿಯಮವೂ ಸರಳವಾಗಿತ್ತು. ಹಾಡಿನ ಮುಕ್ಕಾಲು ಪಾಲು ಹಸಿರಿರಬೇಕು. ಎಲ್ಲಾದರೂ ನಾಲ್ಕು ಸೆಕೆಂಡಿಗಿಂತ ಉದ್ದದ ಕೆಂಪು ಬಂದರೆ, ಯಾರಿಂದ ಕೇಳಿದ್ದು ಎಂದು ಮೂಲದವರ ಹೆಸರು ಬರೆಯಬೇಕು. ಅವರು ಬದುಕಿದ್ದರೆ ಅವರೂ ಟೋಪಿ ಹಾಕಿಕೊಂಡು ಹಾಡಿ ಒಪ್ಪಿಗೆ ಕೊಡಬೇಕು. ಹೆಸರು ಹೇಳದಿದ್ದರೆ ಅದು ಕಳ್ಳತನ. ನಮ್ಮಲ್ಲಿ ಮೂರನೆಯ ವರ್ಷ ಪಾಸಾಗಬೇಕಾದರೆ ನೋಂದಣಿಯಾದ ಸ್ವಂತ ಹಾಡು ಒಂದಾದರೂ ಇರಲೇಬೇಕು. ಹಿಂದಿನ ವರ್ಷ ಒಬ್ಬನ ಹಾಡಿನಲ್ಲಿ ಹನ್ನೆರಡು ಸೆಕೆಂಡಿನ ಕೆಂಪು ಸಿಕ್ಕಿತ್ತು. ಹೆಸರು ಹೇಳಲಾರದೆ ಅವನು ಕಾಲೇಜನ್ನೇ ಬಿಟ್ಟು ಹೋದ.

ದಾನೇಶ್ವರಿ ಮುಗಳೊಳ್ಳಿ ಬನಹಟ್ಟಿಯ ಮಗ್ಗದ ಮನೆಯ ಹುಡುಗಿ. ಮನೆಯಲ್ಲಿ ದಾನವ್ವ ಎನ್ನುತ್ತಿದ್ದರು, ಕಾಲೇಜಿನಲ್ಲೂ ಅದೇ ಉಳಿಯಿತು. ಹಾಡು ತಾನೇ ಕಟ್ಟುತ್ತಿದ್ದಳು, ಚೆನ್ನಾಗಿಯೇ ಕಟ್ಟುತ್ತಿದ್ದಳು. ಆದರೆ ಸ್ಟುಡಿಯೋದಲ್ಲಿ ಹಾಡುವುದು ಬೇರೆಯದೇ ವಿದ್ಯೆ. ಮೊದಲ ದಿನ ಅವಳು ಮೈಕಿನ ಮುಂದೆ ಬಾಯಿ ತೆರೆದಾಗ ನನ್ನ ಮೀಟರಿನ ಮುಳ್ಳು ಕೊನೆಗೆ ಹೋಗಿ ಬಡಿಯಿತು.

"ಯವ್ವಾ, ಮೈಕು ಕಿವುಡಲ್ಲ," ಎಂದೆ.

"ನಮ್ಮ ಮನ್ಯಾಗ ಇಷ್ಟ ದನಿ ತಗೀಲಿಲ್ಲಂದ್ರ ಯಾರಿಗೂ ಕೇಳಸೂದಿಲ್ರಿ ಸರ್."

ಎರಡು ತಿಂಗಳು ಅವಳಿಗೆ ಮೈಕಿನಿಂದ ಎಷ್ಟು ದೂರ ನಿಲ್ಲಬೇಕು, ಉಸಿರು ಎಲ್ಲಿ ಕದಿಯಬೇಕು, ಹೆಡ್‌ಫೋನಿನಲ್ಲಿ ತನ್ನ ದನಿ ಕೇಳಿ ಹೆದರದಿರುವುದು ಹೇಗೆ, ಇವನ್ನೆಲ್ಲ ಕಲಿಸಿದೆ. ಬೇಗ ಕಲಿತಳು. ಒಂದು ದೋಷ ಮಾತ್ರ ಹೋಗಲಿಲ್ಲ. ಪ್ರತಿ ಸಾಲಿನ ಕೊನೆಗೆ ಕ್ಷಣ ತಡೆಯುತ್ತಿದ್ದಳು, ಏನನ್ನೋ ಕಾಯುವವಳಂತೆ. ಅಷ್ಟರಲ್ಲಿ ತಾಳ ಮುಂದೆ ಹೋಗಿರುತ್ತಿತ್ತು. ಹೆಡ್‌ಫೋನಿಗೆ ಟಿಕ್ ಟಿಕ್ ಕೊಟ್ಟೆ, ತಬಲಾ ಕೊಟ್ಟೆ. ಉಪಯೋಗವಾಗಲಿಲ್ಲ.

"ಇಲ್ಲಿ ಏನೂ ಸಪ್ಪಳನ ಇಲ್ಲಲ್ರಿ ಸರ್," ಎಂದಳು ಒಮ್ಮೆ, ಸ್ಪಂಜು ಹೊದಿಸಿದ ಗೋಡೆ ಮುಟ್ಟಿ ನೋಡುತ್ತ. "ಎಲ್ಲಿ ಹೆಜ್ಜಿ ಇಡಬೇಕು ತಿಳೀವಲ್ದು."

"ಸಪ್ಪಳ ಇರಬಾರ್ದಂತನ ಇಷ್ಟೆಲ್ಲಾ ಮಾಡೇವಿ," ಎಂದು ಗದರಿದೆ.

ಫೆಬ್ರುವರಿಯಲ್ಲಿ ಅವಳ ಹಾಡಿಗೆ ಟೋಪಿ ಹಾಕುವ ದಿನ ಬಂತು. ನಾಲ್ಕು ನಿಮಿಷದ ಹಾಡು, ಬಸ್ಸಿನ ಕಿಟಕಿಯಿಂದ ಊರು ಹಿಂದೆ ಸರಿಯುವುದನ್ನು ನೋಡುವ ಹುಡುಗಿಯ ಹಾಡು. ಪಲ್ಲವಿಯ ಎರಡನೆಯ ಸಾಲಿನಲ್ಲಿ ರಾಗ ನಿಧಾನ ಮೇಲೆ ಏರಿ, ಅಲ್ಲಿ ಎರಡು ಸಲ ಹೊಯ್ದಾಡಿ, ಥಟ್ಟನೆ ಕೆಳಗಿಳಿದು ನಿಲ್ಲುತ್ತದೆ. ಆ ಸಾಲು ಬಂದಾಗಲೆಲ್ಲ ನಾನು ತಿದ್ದುವುದನ್ನು ಮರೆತು ಕೇಳುತ್ತಿದ್ದೆ. ಒಳ್ಳೆಯ ಹಾಡು ಸಿಕ್ಕಾಗ ಮಾತ್ರ ಹಾಗಾಗುತ್ತದೆ.

ಪರದೆಯ ಮೇಲೆ ಹಸಿರು ಓಡುತ್ತಿತ್ತು. ಎರಡನೆಯ ಸಾಲು ಬಂದ ಕೂಡಲೇ ಕೆಂಪಾಯಿತು. ಸಾಮಾನ್ಯ ಕೆಂಪಲ್ಲ, ಒಣಗಿದ ದ್ರಾಕ್ಷಿಯ ಬಣ್ಣದ ಗಾಢ ಕೆಂಪು. ಒಂಬತ್ತು ಸೆಕೆಂಡು. ಸಾಲು ಮುಗಿದದ್ದೇ ಮತ್ತೆ ಹಸಿರು. ಪಲ್ಲವಿ ಮರಳಿದಾಗಲೆಲ್ಲ ಹಾಗೆಯೇ.

ಅವಳನ್ನು ಈಚೆ ಕರೆದು ತೋರಿಸಿದೆ. "ಇದನ್ನ ಎಲ್ಲಿ ಕೇಳಿದ್ದಿ?"

"ಎಲ್ಲೂ ಕೇಳಿಲ್ರಿ. ಅದು ನಂದ ಐತ್ರಿ ಸರ್."

"ನಿಂದಾಗಿದ್ರ ಹಸರ ಇರ್ತಿತ್ತು. ಸಣ್ಣಾಕಿ ಇದ್ದಾಗ ರೇಡಿಯೋದಾಗ ಕೇಳಿರಬೇಕು, ನೆನಪ ಮಾಡ್ಕೊ."

"ನಮ್ಮ ಮನ್ಯಾಗ ರೇಡಿಯೋ ಹಚ್ಚಿದ್ರೂ ಕೇಳಂಗಿಲ್ರಿ. ಎಂಟು ಮಗ್ಗ ಓಡ್ತಾವು." ಅವಳ ಕಣ್ಣು ತುಂಬಿದವು, ಆದರೆ ದನಿ ಇಳಿಯಲಿಲ್ಲ. "ಇಡೀ ಹಾಡಿನ್ಯಾಗ ಮೊದಲ ಬಂದದ್ದ ಆ ಸಾಲರಿ. ಉಳಕಿದ್ದೆಲ್ಲಾ ಅದರ ಹಿಂದಿಂದ ಬಂತು."

"ಯಂತ್ರಕ್ಕ ಸುಳ್ಳ ಹೇಳಾಕ ಬರೂದಿಲ್ಲ, ದಾನವ್ವ," ಎಂದುಬಿಟ್ಟೆ. ಹಾಗನ್ನಬಾರದಿತ್ತು. ಅವಳು ಟೋಪಿ ಮೇಜಿನ ಮೇಲಿಟ್ಟು ಹೊರಗೆ ಹೋದಳು.

ಆ ಒಂಬತ್ತು ಸೆಕೆಂಡನ್ನು ಕತ್ತರಿಸಿ ಸಂಗ್ರಹಾಲಯಕ್ಕೆ ಕಳಿಸಿದೆ. ಅಲ್ಲಿ ನಲವತ್ತು ಲಕ್ಷ ಹಾಡುಗಳಿವೆ: ಸಿನಿಮಾ, ಭಜನೆ, ಸೋಬಾನೆ, ಜಾಹೀರಾತು, ಎಲ್ಲ. ಉತ್ತರ ಅರ್ಧ ಗಂಟೆಯಲ್ಲಿ ಬಂತು. ಯಾವುದಕ್ಕೂ ಹೋಲಿಕೆ ಇಲ್ಲ. ಅಂದರೆ ಯಾರೋ ಒಬ್ಬರು, ಎಲ್ಲೂ ಮುದ್ರಣವಾಗದ ಒಬ್ಬರು, ಇವಳ ಕಿವಿಯ ಹತ್ತಿರ ಇದನ್ನು ಹಾಡಿದ್ದಾರೆ. ಕೆಂಪಿನ ಗಾಢತೆ ನೋಡಿದರೆ ಇವಳಿಗೆ ಆಗ ಎರಡು ವರ್ಷವೂ ತುಂಬಿರಲಿಲ್ಲ.

ಮರುದಿನ ಅವಳಿಗೆ ಒಂದು ಸುಲಭದ ದಾರಿ ಹೇಳಿದೆ. ಆ ಸಾಲು ತೆಗೆದು ಬೇರೆ ಕಟ್ಟು. ಉಳಿದದ್ದು ಹಸಿರೇ ಇದೆ, ತಿಂಗಳ ಕೊನೆಗೆ ನೋಂದಣಿಯಾಗಿ ಪಾಸಾಗುತ್ತೀ. ಅವಳು ಒಲ್ಲೆ ಎನ್ನಲಿಲ್ಲ. ಎರಡು ದಿನ ಕುಳಿತು ಬೇರೆ ಸಾಲು ಕಟ್ಟಿ ಹಾಡಿದಳು. ಮೊದಲಿಂದ ಕೊನೆಯವರೆಗೆ ಹಸಿರು. ನಾನು ಶಹಬ್ಬಾಸ್ ಎಂದೆ. ಅವಳು ಹೆಡ್‌ಫೋನು ಹಾಕಿಕೊಂಡು ಪೂರ್ತಿ ಕೇಳಿ, ತೆಗೆದಿಟ್ಟಳು.

"ಇದು ಯಾರದೋ ಹಾಡ ಆತ್ರಿ ಸರ್. ಇದರಾಗ ನಾ ಇಲ್ಲ."

"ನೀ ಫೇಲಾಗ್ತಿ."

"ಆದ್ರ ಆಗ್ಲಿರಿ. ಆದ್ರ ಅದು ಯಾರದಂತ ನಂಗೂ ತಿಳೀಬೇಕು. ಕದ್ದೀನೋ ಇಲ್ಲೋ ಅನ್ನೂದು ನಂಗ ಗೊತ್ತಿಲ್ಲಂದ್ರ ಹೆಂಗರಿ?"

ಪಾಸಾಗುವ ದಾರಿ ಬಿಟ್ಟು ಪುರಾವೆ ಕೇಳುವ ವಿದ್ಯಾರ್ಥಿಯನ್ನು ನಾನು ಇಪ್ಪತ್ತಾರು ವರ್ಷದಲ್ಲಿ ನೋಡಿರಲಿಲ್ಲ, ನನಗೆ ಒಳಗೊಳಗೇ ಅವಳ ಮೇಲೆ ಅಭಿಮಾನ ಹುಟ್ಟಿತು. ತೋರಿಸಿಕೊಳ್ಳಲಿಲ್ಲ.

ಆ ವಾರ ಅವಳೇ ಒಂದು ಉಪಾಯ ತಂದಳು. ಮೊಬೈಲಿನಲ್ಲಿ ಮನೆಯ ಮಗ್ಗದ ಸಪ್ಪಳ ತುಂಬಿಕೊಂಡು ಬಂದಿದ್ದಳು. ಅದನ್ನು ಹೆಡ್‌ಫೋನಿಗೆ ಕೊಟ್ಟರೆ ಹಾಡಲು ಬರಬಹುದು ಎಂದಳು. ಹಾಕಿ ನೋಡಿದೆ. ಖಟ್‌ಪಟ್ ಖಟ್‌ಪಟ್, ಮಧ್ಯೆ ನೂಲು ಹೊತ್ತ ಲಾಳಿ ಈ ಬದಿಯಿಂದ ಆ ಬದಿಗೆ ಹಾರುವ ಸಣ್ಣ ಬಿಡುವು. ನನಗೆ ತಲೆ ಸಿಡಿಯುವ ಹಾಗಾಯಿತು. ಗಾಜಿನಾಚೆ ದಾನವ್ವ ಕಣ್ಣು ಮುಚ್ಚಿ ಹಾಡತೊಡಗಿದಳು. ಪ್ರತಿ ಸಾಲಿನ ಕೊನೆಗೆ ಅವಳು ಕಾಯುತ್ತಿದ್ದ ಆ ಕ್ಷಣ ಲಾಳಿಯ ಬಿಡುವಿಗೆ ಸರಿಯಾಗಿ ಕೂತಿತು. ಎರಡು ತಿಂಗಳು ನಾನು ದೋಷ ಎಂದು ತಿದ್ದುತ್ತಿದ್ದದ್ದು ಅವಳ ತಾಳವಾಗಿತ್ತು.

ಎರಡನೆಯ ಸಾಲು ಬಂತು. ಕೆಂಪು ಇನ್ನೂ ಗಾಢವಾಗಿ ಕಪ್ಪಿಗೆ ತಿರುಗಿತು. ಆ ಕಪ್ಪುಗೆಂಪಿನ ಕೆಳಗೆ ಒಂದು ಹಸಿರು ಎಳೆ ಕಂಡಿತು, ಕೂದಲಿಗಿಂತ ತೆಳುವಾದದ್ದು. ಒಂದೇ ಜಾಗದಲ್ಲಿ ಕೆಂಪೂ ಹಸಿರೂ ಬರುವುದು ಸಾಧ್ಯವಿಲ್ಲ ಎಂದು ತರಬೇತಿಯಲ್ಲಿ ಹೇಳಿಕೊಟ್ಟಿದ್ದರು. ಅದು ಬಂದರೆ ಸಂವೇದಕದ ದೋಷ. ಊದುಬತ್ತಿ ಹೊಗೆಯ ಪ್ರಭಾವ ಎಂದು ಪ್ರಿನ್ಸಿಪಾಲರನ್ನು ಮನಸ್ಸಿನಲ್ಲೇ ಬೈದು, ಶುದ್ಧೀಕರಣದ ಗುಂಡಿ ಒತ್ತಿದೆ. ಎಳೆ ಮಾಯವಾಯಿತು.

ಒಂದು ವಿಷಯ ಖಚಿತವಾಗಿತ್ತು. ಆ ಸಾಲು ಮಗ್ಗದ ಸಪ್ಪಳದೊಳಗೆ ಇವಳ ಕಿವಿಗೆ ಬಿದ್ದಿದೆ. ಹೊರಗೆ ಒಯ್ಯಲೆಂದು ಕೊಟ್ಟಿದ್ದ ಇನ್ನೊಂದು ಚಿಕ್ಕ ಟೋಪಿಯನ್ನೂ ಲ್ಯಾಪ್‌ಟಾಪನ್ನೂ ಚೀಲಕ್ಕೆ ಹಾಕಿಕೊಂಡು, ಶನಿವಾರ ಬೆಳಿಗ್ಗೆ ದಾನವ್ವನ ಜೊತೆ ಬನಹಟ್ಟಿಯ ಬಸ್ಸು ಹತ್ತಿದೆ.

ಮನೆ ಸಿಗುವುದಕ್ಕಿಂತ ಮೊದಲು ಸಪ್ಪಳ ಸಿಕ್ಕಿತು. ಇಡೀ ಓಣಿಯೇ ನಡುಗುತ್ತಿತ್ತು. ಮುಂದಿನ ಪಡಸಾಲೆ ದಾಟಿದರೆ ಉದ್ದನೆಯ ತಗಡಿನ ಶೆಡ್ಡು, ಅದರಲ್ಲಿ ಎಂಟು ಮಗ್ಗ. ದಾನವ್ವನ ಅಪ್ಪ ನೂಲಿಗೆ ಬಣ್ಣ ಹಾಕುವಲ್ಲಿಗೆ ಹೋಗಿದ್ದ. ಅವ್ವ ಬೌರವ್ವ ಅವನ ಪಾಲಿನ ನಾಲ್ಕನ್ನೂ ನೋಡಿಕೊಳ್ಳುತ್ತ ಮಗ್ಗಗಳ ನಡುವೆ ನಿಂತಿದ್ದಳು. ಐವತ್ತರ ಹತ್ತಿರದ, ತೆಳ್ಳಗಿನ ಹೆಂಗಸು. ಕಣ್ಣು ಒಂದು ಮಗ್ಗದ ಮೇಲಿದ್ದರೆ ಕೈ ಇನ್ನೊಂದರಲ್ಲಿ ಹರಿದ ಎಳೆ ಗಂಟು ಹಾಕುತ್ತಿತ್ತು.

ನಾನು ಗಂಟಲು ಹರಿಯುವಂತೆ ನಮಸ್ಕಾರ ಹೇಳಿದೆ. ಕೇಳಲಿಲ್ಲ. ದಾನವ್ವ ದನಿಯೇ ಇಲ್ಲದೆ ತುಟಿ ಅಲ್ಲಾಡಿಸಿದಳು. ಬೌರವ್ವ ಇಪ್ಪತ್ತು ಅಡಿ ದೂರದಿಂದ ಓದಿಕೊಂಡು, ನಕ್ಕು, ತುಟಿಯಲ್ಲೇ ಏನೋ ಹೇಳಿದಳು. "ಚಾ ಕುಡೀರಿ ಅಂತಾಳ," ಎಂದು ದಾನವ್ವ ನನ್ನ ಕಿವಿಯಲ್ಲಿ ಕೂಗಿದಳು. ಮಗ್ಗದ ಮನೆಗಳಲ್ಲಿ ಮಾತು ಹೀಗೇ ನಡೆಯುತ್ತದಂತೆ. ದನಿ ಯಾರಿಗೂ ಬೇಕಾಗಿಲ್ಲ. ಮಕ್ಕಳು ಅಕ್ಷರ ಕಲಿಯುವ ಮೊದಲೇ ತುಟಿ ಓದಲು ಕಲಿತಿರುತ್ತಾರೆ.

ಚಹಾ ಕುಡಿಯುತ್ತ ಬೌರವ್ವನನ್ನೇ ನೋಡುತ್ತಿದ್ದೆ. ಅವಳು ಕೆಲಸಕ್ಕೆ ಮರಳಿದ್ದಳು. ಅವಳ ತುಟಿ ಸಣ್ಣಗೆ, ಬಿಡದೆ ಅಲುಗುತ್ತಿತ್ತು. ಎದುರಿಗೆ ಯಾರೂ ಇರಲಿಲ್ಲ.

"ನಿಮ್ಮವ್ವ ಯಾರ ಜೋಡಿ ಮಾತಾಡ್ತಾಳ?" ಎಂದು ಕೂಗಿ ಕೇಳಿದೆ.

"ಎಳಿ ಎಣಸ್ತಾಳ್ರಿ. ಯಾವಾಗ್ಲೂ ಹಂಗ," ಎಂದಳು ದಾನವ್ವ. ಹೇಳುತ್ತಿದ್ದಂತೆ ಅವಳ ಮುಖ ಬದಲಾಯಿತು. ಹುಟ್ಟಿದಾಗಿನಿಂದ ನೋಡಿದ್ದ ಆ ತುಟಿಯನ್ನು ಮೊದಲ ಸಲ ನೋಡುವವಳಂತೆ ನೋಡಿದಳು. ತುಟಿ ಓದುವುದರಲ್ಲಿ ಪಳಗಿದವಳು ಅವ್ವನ ಈ ತುಟಿಯನ್ನು ಓದುವ ಗೋಜಿಗೇ ಹೋಗಿರಲಿಲ್ಲ. ಲೆಕ್ಕದಲ್ಲಿ ಓದಲು ಏನಿರುತ್ತದೆ ಎಂದುಕೊಂಡಿದ್ದಳು.

"ಎಣಿಕಿ ಅಲ್ರಿ ಸರ್ ಅದು," ಎಂದಳು.

ನಾನು ಆತುರದಲ್ಲಿ ತಪ್ಪು ಮಾಡಿದೆ. ಮಗ್ಗ ನಿಲ್ಲಿಸಲು ಹೇಳಿದೆ. ಎಂಟು ಮಗ್ಗವೂ ನಿಂತವು. ಆ ಮೌನದಲ್ಲಿ ಬೌರವ್ವ ಸೆರಗು ಸರಿಮಾಡಿಕೊಂಡು, ಪರೀಕ್ಷೆಗೆ ನಿಂತವಳ ಹಾಗೆ ನನ್ನೆದುರು ನಿಂತಳು.

"ಅಕ್ಕಾರ, ನೀವು ಕೆಲಸ ಮಾಡೂವಾಗ ಏನೋ ಹಾಡ್ತೀರಿ. ಒಂದೀಟು ಹಾಡ್ರಿ."

"ನಾ ಹಾಡಂಗಿಲ್ರಿ ಸರ," ಎಂದಳು. "ನಂಗ ಹಾಡ ಬರೂದಿಲ್ಲ."

"ಅವ್ವಾ, ನಾ ನೋಡಿದ್ನಿ," ಎಂದಳು ದಾನವ್ವ.

ಬೌರವ್ವನ ಮುಖ ಕೆಂಪಾಯಿತು. ಬಚ್ಚಿಟ್ಟದ್ದು ಸಿಕ್ಕಿಬಿದ್ದವರ ಮುಖ ಅದು. ನನಗೆ ನಾಚಿಕೆಯಾಯಿತು. ಯಾರಿಗೂ ಕೇಳಿಸಬಾರದು ಎಂದು ಸಪ್ಪಳದೊಳಗೆ ಹಾಡಿಕೊಂಡವಳ ಸಪ್ಪಳವನ್ನೇ ನಾನು ನಿಲ್ಲಿಸಿದ್ದೆ.

"ಮಗ್ಗ ಚಾಲೂ ಮಾಡ್ರಿ," ಎಂದೆ. "ಈ ಟೋಪಿ ತಲಿಮ್ಯಾಲೆ ಇಟ್ಕೊಂಡು ನಿಮ್ಮ ಕೆಲಸ ನೀವು ಮಾಡ್ರಿ. ನಂಗೇನೂ ಕೇಳಸೂದಿಲ್ಲ. ಗೆರಿ ಅಷ್ಟ ಕಾಣ್ತಾವು."

ಬೌರವ್ವ ಮಗಳ ಕಡೆ ನೋಡಿದಳು. ಹಾಡಿನ ಸಾಲು, ಪರೀಕ್ಷೆ, ಕಳ್ಳತನದ ಮಾತು, ಎಲ್ಲವನ್ನೂ ದಾನವ್ವ ತುಟಿಯಲ್ಲೇ ಹೇಳಿದಳೆಂದು ಕಾಣುತ್ತದೆ. ಬಹಳ ಹೊತ್ತು ಹೇಳಿದಳು. ಬೌರವ್ವ ಟೋಪಿ ಹಾಕಿಕೊಂಡು, ಅದರ ಮೇಲೆ ಸೆರಗು ಹೊದ್ದು, ಮಗ್ಗಕ್ಕೆ ತಿರುಗಿದಳು.

ಶೆಡ್ಡಿನ ಮೂಲೆಯಲ್ಲಿ ನೂಲಿನ ಮೂಟೆಯ ಮೇಲೆ ಲ್ಯಾಪ್‌ಟಾಪಿಟ್ಟು ಕುಳಿತೆ. ಕಾಲು ಗಂಟೆ ಏನೂ ಇರಲಿಲ್ಲ. ಆಮೇಲೆ ಗೆರೆ ಎದ್ದಿತು. ನಿಧಾನ ಮೇಲೆ ಏರಿತು, ಎರಡು ಸಲ ಹೊಯ್ದಾಡಿತು, ಥಟ್ಟನೆ ಇಳಿದು ನಿಂತಿತು. ಒಂಬತ್ತು ಸೆಕೆಂಡು. ಇದೇ ಸಾಲು. ಹಸಿರು ಕಾಣುತ್ತದೆ ಎಂದು ನಾನು ಬಗ್ಗಿ ನೋಡಿದೆ.

ಕೆಂಪು.

ಮುಂದಿನ ಸಲವೂ ಕೆಂಪು, ಅದರ ಮುಂದಿನ ಸಲವೂ. ಅಂದರೆ ಇದು ಬೌರವ್ವನದೂ ಅಲ್ಲ. ಅವಳೂ ಯಾರಿಂದಲೋ ಕೇಳಿದ್ದಾಳೆ. ಮೂಲದವರದೂ ಕೆಂಪಾದರೆ ಅವರಿಗೆ ಹೇಳಿಕೊಟ್ಟವರ ಹೆಸರೂ ಬರೆಯಬೇಕು, ಅದು ಅವಳಿಗೆ ಮರೆತಿದ್ದರೆ ಈ ಹುಡುಗಿಯ ಗತಿ ಮುಗಿಯಿತು.

ಮಧ್ಯಾಹ್ನ ಊಟಕ್ಕೆ ಮಗ್ಗ ನಿಂತವು. ರೊಟ್ಟಿ ಬಡಿಸುತ್ತಿದ್ದ ಬೌರವ್ವನನ್ನು ಕೇಳಿದೆ. "ಆ ರಾಗ ನಿಮಗ ಯಾರು ಕಲಿಸಿದ್ದು, ಅಕ್ಕಾರ? ನಿಮ್ಮ ತಾಯಿ ಹಾಡ್ತಿದ್ರೇನು?"

"ನಮ್ಮವ್ವ ಎಲ್ಲಿ ಹಾಡಬೇಕ್ರಿ. ಅದು ಇಕಿದರಿ." ಬೌರವ್ವ ಮಗಳ ತಟ್ಟೆಗೆ ಪಲ್ಯ ಹಾಕುತ್ತ ಹೇಳಿದಳು, ಪಲ್ಯದ ವಿಷಯ ಹೇಳುವ ದನಿಯಲ್ಲೇ. "ಇಕಿನ ಕಲಿಸಿದ್ದು ನಂಗ."

ನಾವಿಬ್ಬರೂ ತಿನ್ನುವುದನ್ನು ನಿಲ್ಲಿಸಿದೆವು.

"ಇಕಿ ಹುಟ್ಟಿದಾಗ ನಮ್ಮತ್ತಿ ಇದ್ಲರಿ. ಬಾಣಂತನ ಮುಗದಕೂಡ್ಲೆ ಮಗ್ಗಕ್ಕ ನಿಲ್ಲಿಸಿದ್ಲು. ಎರಡ ಮಗ್ಗದ ನಡು ತೊಟ್ಟಿಲಾ ಕಟ್ಟಿದ್ವಿ. ಕೂಸು ಅತ್ರ ಎತ್ಕೊಳ್ಳಾಕ ಆಗ್ತಿರ್ಲಿಲ್ರಿ. ಕೈ ಬಿಟ್ರ ಎಳಿ ಹರೀತಿತ್ತು, ಅತ್ತಿ ಬೈತಿದ್ಲು. ನಿಂತ ನೋಡ್ತಿದ್ನಿ ಅಷ್ಟ." ನನ್ನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದಳು. "ಎಂಟ ತಿಂಗಳಾದಾಗ ಒಂದಿನ ಇಕಿ ಅಳೂದ ಬಿಟ್ಟು ಮಗ್ಗದ ಜೋಡಿ ಊಂ ಅನ್ನಾಕ ಹತ್ತಿದ್ಲು. ಮ್ಯಾಲಕ್ಕ ಹೋಗಾಕಿ, ಅಲ್ಲೆ ತೂಗಾಡಾಕಿ, ದಪ್ಪಂತ ಇಳ್ಯಾಕಿ. ನಾ ತೊಟ್ಟಿಲಕ್ಕ ಬಾಗಿ ಕೇಳಿದ್ನಿ. ಅಕಿ ಅಂದಂಗ ನಾನೂ ಅಂದ್ನಿ. ನಕ್ಕಳು. ಮತ್ತ ಅಂದ್ಲು, ನಾನೂ ಅಂದ್ನಿ. ಎತ್ಕೊಳ್ಳಾಕಂತೂ ಆಗೂದಿಲ್ಲ, ಇದರಾಗಾದ್ರೂ ಇರ್ಲಿ ಅಂತ ದಿನಾ ಅಂತಿದ್ನಿ. ಆಮ್ಯಾಲೆ ಅದಕ್ಕ ನಾನ ಮಾತ ಹಚ್ಚಿದ್ನಿ."

"ಏನ್ ಮಾತು?" ಎಂದಳು ದಾನವ್ವ.

ಬೌರವ್ವ ಹಾಡಲಿಲ್ಲ, ಹೇಳಿದಳು. "ಕೈಯಿ ಬಿಡಂಗಿಲ್ಲ, ಕಣ್ಣ ಬಿಡಂಗಿಲ್ಲ, ಎತ್ಕೊಳ್ಳಾಕ ಬರಂಗಿಲ್ಲ ನನ್ನವ್ವ."

ದಾನವ್ವ ಎದ್ದು ಹಿತ್ತಲಿಗೆ ಹೋದಳು. ನಾನೂ ರೊಟ್ಟಿ ಅರ್ಧಕ್ಕೇ ಬಿಟ್ಟು ಎದ್ದೆ. ಕೈ ತೊಳೆದು ಲ್ಯಾಪ್‌ಟಾಪು ತೆರೆದೆ. ಮಗ್ಗದ ಸಪ್ಪಳ ಹಾಕಿ ಮುದ್ರಿಸಿದ ದಿನದ ಮೂಲ ದಾಖಲೆ ಇನ್ನೂ ಅಳಿಸಿರಲಿಲ್ಲ. ಶುದ್ಧೀಕರಣ ಮಾಡುವುದಕ್ಕಿಂತ ಮೊದಲಿನದನ್ನು ದೊಡ್ಡದು ಮಾಡಿ ನೋಡಿದೆ. ಕಪ್ಪುಗೆಂಪಿನ ಅಡಿಯಲ್ಲಿ, ಒಂಬತ್ತು ಸೆಕೆಂಡೂ ಬಿಡದೆ, ಆ ಹಸಿರು ಎಳೆ ಇತ್ತು. ಸಂವೇದಕದ ದೋಷವಲ್ಲ. ಊದುಬತ್ತಿಯೂ ಅಲ್ಲ. ಒಂದು ಕೂಸು ಮಗ್ಗಕ್ಕೆ ಓಗೊಟ್ಟು ಕಟ್ಟಿದ ರಾಗ ಅದು. ಅದರ ಮೇಲೆ ಅವ್ವ ಸಾವಿರಾರು ಸಲ ಹಾಡಿ ಕೆಂಪು ಹೊದಿಸಿದ್ದಳು. ಒಂದೇ ಜಾಗದಲ್ಲಿ ಎರಡೂ ಬಣ್ಣ ಬರಲಾರದು ಎಂದು ಬರೆದ ಎಂಜಿನಿಯರುಗಳು ತೊಟ್ಟಿಲ ಬಳಿ ಯಂತ್ರ ಇಟ್ಟು ನೋಡಿರಲಿಲ್ಲ. ಅವರು ಹೇಳಿದ್ದನ್ನು ನಂಬಿ ನಾನು ಗುಂಡಿ ಒತ್ತಿದ್ದೆ.

ದಾನವ್ವ ಹಿತ್ತಲಿಂದ ಬಂದ ಮೇಲೆ ತೋರಿಸಿದೆ. "ಇದು ನಿಂದ ಐತಿ. ನೀ ಅಂದಿದ್ದ ಖರೆ. ನಂದ ತಪ್ಪಾತು," ಎಂದೆ. ವಿದ್ಯಾರ್ಥಿಯೆದುರು ಹಾಗೆ ಹೇಳಿದ್ದು ಅದೇ ಮೊದಲು.

ಅವಳು ಹಸಿರು ಎಳೆಯ ಮೇಲೆ ಬೆರಳಿಟ್ಟಳು. "ಅವ್ವ ಹಾಡದಿದ್ರ ಇದು ಉಳೀತಿತ್ತೇನ್ರಿ?"

"ಇಲ್ಲ. ಆ ವಯಸ್ಸಿಂದು ಯಾರಿಗೂ ಉಳ್ಯಂಗಿಲ್ಲ."

"ಮತ್ತ ಅವ್ವನೂ ಬರ್ಬೇಕರಿ. ಅಕಿ ದನೀನೂ ಇರ್ಬೇಕು."

ಬೌರವ್ವ ಬರಲು ಒಂದು ವಾರ ಹಿಡಿಯಿತು. ಮಗ್ಗ ಬಿಟ್ಟು ಹೇಗೆ ಬರಲಿ, ಜನ ಏನಂದಾರು, ಎಂದೆಲ್ಲ ಆಯಿತು. ಕೊನೆಗೆ ದಾನವ್ವನ ಅಪ್ಪ ಎರಡು ದಿನ ಅವಳ ನಾಲ್ಕು ಮಗ್ಗವನ್ನೂ ತಾನೇ ನೋಡಿಕೊಳ್ಳುತ್ತೇನೆ ಎಂದನಂತೆ. ಇಳಕಲ್ಲ ಸೀರೆ ಉಟ್ಟು, ಹೊಸ ಬಳೆ ತೊಟ್ಟು ಬಂದಳು. ಬಳೆ ತೆಗೆಸಬೇಕಾಯಿತು, ಮೈಕಿಗೆ ಸಪ್ಪಳ ಬರುತ್ತದೆ. ಸ್ಪಂಜಿನ ಕೋಣೆಯೊಳಗೆ ಕಾಲಿಟ್ಟವಳೇ ಕಿವಿಗೆ ಕೈ ಹಚ್ಚಿಕೊಂಡಳು. ಅಷ್ಟು ಮೌನ ಅವಳ ಕಿವಿಗೆ ನೋವಾಗುತ್ತಿತ್ತು.

ಹೆಡ್‌ಫೋನಿಗೆ ಮಗ್ಗದ ಸಪ್ಪಳ ಕೊಟ್ಟೆ. ಅವಳ ಹೆಗಲು ಇಳಿಯಿತು. ಮಗಳು ಪಕ್ಕದಲ್ಲಿ ನಿಂತು ಹಾಡು ಶುರು ಮಾಡಿದಳು. ಎರಡನೆಯ ಸಾಲಿಗೆ ಬೌರವ್ವ ಸೇರಿದಳು, ಮೊದಲು ತುಟಿಯಲ್ಲಿ, ಆಮೇಲೆ ಉಸಿರಲ್ಲಿ, ಮೂರನೆಯ ಸಲ ಪಲ್ಲವಿ ಬಂದಾಗ ದನಿಯಲ್ಲಿ. ಸ್ವಲ್ಪ ಒರಟಾದ, ಆಳದ ದನಿ. ಮಗ್ಗವನ್ನು ಮೀರಿಸಿ ಹಾಡಬೇಕಾದ ಅಗತ್ಯವೇ ಇಲ್ಲದ್ದರಿಂದ ಇಪ್ಪತ್ತು ವರ್ಷ ಅದು ಯಾರ ಕಿವಿಗೂ ಬೀಳದೆ ಹಾಗೇ ಉಳಿದುಕೊಂಡಿತ್ತು.

ಆಗ ನಾನು ಒಂದು ಕೆಲಸ ಮಾಡಿದೆ. ಕೇಳಿ ಮಾಡಬೇಕಿತ್ತು, ಕೇಳಿದ್ದರೆ ಅವಳು ಬೇಡ ಎನ್ನುತ್ತಿದ್ದಳು. ಮಗ್ಗದ ಸಪ್ಪಳವನ್ನು ಹೆಡ್‌ಫೋನಿನಲ್ಲಿ ಮೆಲ್ಲಗೆ ಇಳಿಸುತ್ತ ಹೋದೆ. ಪೂರ್ತಿ ನಿಲ್ಲಿಸಿದೆ. ಬೌರವ್ವನ ಕಿವಿಯಲ್ಲಿ ಅವಳದೇ ದನಿ ಉಳಿಯಿತು.

ಅವಳು ತಟ್ಟನೆ ನಿಂತಳು. ಹೆಡ್‌ಫೋನು ತೆಗೆದು ಅದರೊಳಗೆ ನೋಡಿದಳು, ಮತ್ತೆ ಹಾಕಿಕೊಂಡಳು.

"ಇದು ನನ್ನ ದನೀನರಿ?" ಎಂದು ಗಾಜಿನ ಕಡೆ ನೋಡಿ ಕೇಳಿದಳು.

"ಹೌದ್ರಿ ಅಕ್ಕಾರ, ನಿಮ್ದ."

"ಹಿಂಗೈತೇನು," ಎಂದಳು. ಯಾರಿಗೂ ಹೇಳಿದ ಮಾತಲ್ಲ ಅದು. ನಲವತ್ತೊಂಬತ್ತು ವರ್ಷಕ್ಕೆ ಹಾಡುವ ತನ್ನ ದನಿಯನ್ನು ಅವಳು ಮೊದಲ ಸಲ ಸಪ್ಪಳವಿಲ್ಲದೆ ಕೇಳಿದ್ದಳು. ದಾನವ್ವ ಅವಳ ಕೈ ಹಿಡಿದುಕೊಂಡಳು. ಮತ್ತೆ ಮೊದಲಿಂದ ಹಾಡಿದರು, ಬೌರವ್ವನ ಮಾತು ಹಚ್ಚಿಯೇ ಹಾಡಿದರು. ಮಗ್ಗವಿಲ್ಲದಿದ್ದರೂ ಇಬ್ಬರೂ ಸಾಲಿನ ಕೊನೆಗೆ ಲಾಳಿಯಷ್ಟೇ ಹೊತ್ತು ತಡೆದು, ಒಟ್ಟಿಗೇ ಮುಂದಕ್ಕೆ ಹೋದರು. ಅದೇ ಕೊನೆಯ ಮುದ್ರಣ. ನಾನು ಅದರಲ್ಲಿ ಏನನ್ನೂ ಶುದ್ಧ ಮಾಡಲಿಲ್ಲ.

ಅರ್ಜಿಯಲ್ಲಿ ದಾನವ್ವ ತನ್ನ ಕಾಲಮ್ಮುಗಳನ್ನು ತುಂಬಿದಳು. ಮೂಲದವರ ಹೆಸರಿನ ಜಾಗದಲ್ಲಿ ಬೌರವ್ವ ಮುಗಳೊಳ್ಳಿ ಎಂದು ಬರೆದು ಕಾಗದವನ್ನು ಅವ್ವನ ಕಡೆ ಸರಿಸಿದಳು. ಮೂಲದವರು ತಾವು ಯಾರಿಂದ ಕಲಿತದ್ದು ಎಂದು ಬರೆಯಲು ಕೆಳಗೆ ಇನ್ನೊಂದು ಜಾಗವಿದೆ. ನಾಲ್ಕನೆಯ ಇಯತ್ತೆ ಓದಿದ ಬೌರವ್ವ ಪೆನ್ನು ಗಟ್ಟಿಯಾಗಿ ಹಿಡಿದು, ಒಂದೊಂದೇ ಅಕ್ಷರ ಕೂಡಿಸಿ ಅದನ್ನು ತಾನೇ ತುಂಬಿದಳು. ಹಸಿರು ಎಳೆಯ ದಾಖಲೆಯನ್ನೂ ಜೋಡಿಸಿ ಕಳಿಸಿದೆ.

ಹತ್ತು ದಿನದ ಮೇಲೆ ನೋಂದಣಿ ಕಚೇರಿಯ ಗುಮಾಸ್ತೆಯೊಬ್ಬರು ಫೋನು ಮಾಡಿದರು. ಬೆಂಗಳೂರಿನ ಮಾತು, ಬಹಳ ಸೌಜನ್ಯ.

"ಸರ್, ದಾನೇಶ್ವರಿ ಅನ್ನೋರ ಅರ್ಜಿ ನೋಡ್ತಾ ಇದೀನಿ. ದಾಖಲೆ ಎಲ್ಲಾ ಸರಿಯಾಗಿದೆ, ಮೇಲಿನವರು ಒಪ್ಪಿದಾರೆ. ಒಂದೇ ಒಂದು ಕಡೆ ಏನೋ ತಪ್ಪಾದ ಹಾಗಿದೆ. ಅವರ ತಾಯಿ ಬರೆದಿದಾರಲ್ಲ, ಹೇಳಿಕೊಟ್ಟವರ ಹೆಸರು ದಾನವ್ವ. ಸಂಬಂಧ, ಮಗಳು. ಅದು ಸರಿ. ಹೇಳಿಕೊಟ್ಟಾಗ ಅವರ ವಯಸ್ಸು ಅನ್ನೋ ಕಾಲಮ್ಮಲ್ಲಿ ಎಂಟು ತಿಂಗಳು ಅಂತ ಇದೆ. ಎಂಟು ವರ್ಷ ಅಂತ ತಿದ್ದಿಕೊಳ್ಳಲಾ?"

"ಬ್ಯಾಡ್ರಿ," ಎಂದೆ. "ತಪ್ಪಿಲ್ಲ. ಹಂಗ ಇರ್ಲಿ."